ಬಾಲದ ತುದಿಯ ಕೊಂಡಿ

ಹೋದ ತಿಂಗಳು ಒಂದು ಬೆಳಿಗ್ಗೆ, ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ರಿಟೈರಾದಾತ ನಮ್ಮ ಮನೆಯ ಗೇಟಿನ ಹತ್ತಿರವೇ ನಿಂತು, "ಪಾಚಿ ಮೇಡಂ ಓಗ್ಬುಟ್ರು ಕಣ್ ಮೇಡಂ. ಯಳಂದೂರಲ್ಲಿ, ಅವ್ರ ತಮ್ಮನ್ ಮನೇಲಿ" ಎಂದ. ಒಳಗೆ ಬಾ ಎಂದರೂ ಬರಲಿಲ್ಲ. ಏನಾಗಿತ್ತು, ಎಷ್ಟು ದಿನದಿಂದ ಎಂದು ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ, ಆತ ಹೇಳಬೇಕಾದ್ದನ್ನೆಲ್ಲ ಹೇಳಿದ. ಆತ ಹೋದ ಮೇಲೆ ಅಡುಗೆಮನೆಗೆ ಹೋಗಿ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಯಾಕೆ ಹಾಗೆ ಮಾಡಿದೆ ಎಂದು ಆ ಕ್ಷಣಕ್ಕೆ ನನಗೇ ಗೊತ್ತಾಗಲಿಲ್ಲ. ಎಣ್ಣೆ ಚೆನ್ನಾಗಿತ್ತು. ಕಟ್ಟೆಗೆ ಕೈಯೂರಿಕೊಂಡು ಅಲ್ಲೇ ಅತ್ತೆ.

ಮೇಡಂ ಮೂಗಿನಿಂದ ಬದುಕಿದವರು. ನಮ್ಮ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ ದಿನ ಕಾಫಿಗೆ ಕರೆದಿದ್ದೆ. ನಾನು ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವಳು, ಅವರು ಕೆಮಿಸ್ಟ್ರಿಗೆ ಹೊಸದಾಗಿ ಸೇರಿದ್ದರು, ವಯಸ್ಸಿನಲ್ಲಿ ನನಗಿಂತ ಒಂದಿಷ್ಟು ದೊಡ್ಡವರು. ಚಕ್ಕುಲಿ ಕೊಟ್ಟೆ. ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ತಟ್ಟೆಗೇ ವಾಪಸ್ಸು ಇಟ್ಟರು. "ಕಮಟು ಬಂದದೆ ಕಣ್ರಿ" ಎಂದರು. ಬಾಡಿಗೆಗೆ ಬಂದವರು ಮನೆಯವಳ ಮುಖಕ್ಕೆ ಹೊಡೆದ ಹಾಗೆ ಹೇಳುವ ಮಾತೇ ಅದು? ನನಗೆ ಮೈ ಉರಿದುಹೋಯಿತು. ಅವರು ಹೋದ ಮೇಲೆ ನಾನೂ ಒಂದು ಚಕ್ಕುಲಿ ಮುರಿದು ಮೂಸಿ ನೋಡಿದೆ. ಬಂದಿತ್ತು.

ಅವರ ಊರು ಯಳಂದೂರು, ಅಲ್ಲಿಂದ ಕೊಳ್ಳೇಗಾಲಕ್ಕೆ ದಿನಾ ಬಸ್ಸಿನಲ್ಲಿ ಓಡಾಡಬಹುದಿತ್ತು. ಆದರೆ ಅವರ ಜೊತೆ ಬಂದ ಗಾಜಿನ ಫ್ಲಾಸ್ಕುಗಳನ್ನು ಬಿಟ್ಟು ಅವರು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಒಳಗೆ ತೆಳು ಡಿಕಾಕ್ಷನ್ನಿನ ಬಣ್ಣದ ನೀರು. ಅದು ಸಮುದ್ರದ ಪಾಚಿ, ಒಂದೊಂದೂ ಕಣ್ಣಿಗೆ ಕಾಣದಷ್ಟು ಸಣ್ಣದು. ಕರಾವಳಿಯ ಒಂದು ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಸಾಕಿದ್ದಂತೆ, ಬರುವಾಗ ಹೆಪ್ಪಿಗೆ ಮೊಸರು ತಂದ ಹಾಗೆ ಒಂದು ಚೂರು ತಂದು ಇಲ್ಲಿ ಬೆಳೆಸಿದ್ದರು. ಅದಕ್ಕೆ ಕುಡಿಯುವ ನೀರು ಆಗದು, ಬೋರಿನ ನೀರು ಆಗದು, ಸಮುದ್ರದ ನೀರೇ ಆಗಬೇಕು. ಒಂದು ಸಲ ಕ್ಯಾನುಗಳಲ್ಲಿ ತುಂಬಿಸಿಕೊಂಡು ಬರುವಾಗ ಕಂಡಕ್ಟರು ಏನಿದು ಎಂದು ಕೇಳಿದನಂತೆ. "ಸಮುದ್ರ" ಎಂದರಂತೆ ಇವರು. "ಸಮುದ್ರಕ್ಕೆ ಲಗೇಜ್ ಆಯ್ತದೆ" ಎಂದು ಅವನು ಟಿಕೆಟ್ ಹರಿದುಕೊಟ್ಟನಂತೆ. ಈ ಕತೆ ಹೇಳುವಾಗ ಮಾತ್ರ ಅವರು ಬಾಯ್ತುಂಬ ನಗುತ್ತಿದ್ದರು.

ಪಾಚಿ ಎಂದ ಮೇಲೆ ನಮ್ಮ ಕಡೆ ಹುಡುಗರು ಸುಮ್ಮನಿರುತ್ತಾರೆಯೇ? ಮಗು ಮಲಗಿಸುವಾಗ ಪಾಚ್ಕೋ ಪಾಚ್ಕೋ ಎನ್ನುವ ಊರು ಇದು. "ಮೇಡಂ, ಪಾಚಿ ಪಾಚ್ಕೊಂಡದಾ ಎದ್ದದಾ?" ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದರು. ಮೇಡಂ ಬೋರ್ಡಿನಿಂದ ತಿರುಗದೆ, "ಅದು ಎದ್ದದೆ ಕಣಪ್ಪ. ನೀನು ಏಳು, ಈ ಈಕ್ವೇಶನ್ ಬರಿ ಬಾ" ಎನ್ನುತ್ತಿದ್ದರು. ಪಾಚಿ ಮೇಡಂ ಎಂಬ ಹೆಸರು ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಆದರೆ ಅವರು ಕರಾವಳಿ ಬಿಟ್ಟು ಬಂದದ್ದು ನೌಕರಿಗಾಗಿ ಅಲ್ಲ, ಜಗಳವಾಗಿ. ಅದು ನನಗೆ ತಿಳಿದದ್ದು ನಿಧಾನಕ್ಕೆ.

ನಮ್ಮ ತವರು ಸತ್ತೇಗಾಲ. ಅಲ್ಲಿಂದ ನನ್ನ ತಮ್ಮ ಕೊಬ್ಬರಿ ಎಣ್ಣೆ ತಂದುಕೊಡುತ್ತಿದ್ದ. ಒಂದು ಚಳಿಗಾಲ ಅದು ಡಬ್ಬಿಯಲ್ಲಿ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ಬಿಸಿಲಿಗೆ ಇಡುತ್ತಿದ್ದೆ. ಮೇಡಂ ಬಂದು ಪಕ್ಕದಲ್ಲಿ ಕುಳಿತರು. ಬಳೆಯಿಂದ ಪಿನ್ನುಗಳನ್ನು ಬಿಡಿಸಿದರು. ಹೆಂಗಸರು ಬಳೆಗೆ ಒಂದೆರಡು ಪಿನ್ನು ಸಿಕ್ಕಿಸಿಕೊಂಡಿರುವುದು ಇದ್ದದ್ದೇ, ಇವರದು ಪಿನ್ನಿಗೆ ಪಿನ್ನು ಸಿಕ್ಕಿಸಿ ಮಾಡಿದ ಉದ್ದನೆಯ ಸರ.

"ಲಿಪಿಡ್ ಅಂದ್ರೆ ಏನಿಲ್ಲ ಕಣ್ರಿ, ಜಿಡ್ಡು. ಒಂದು ಅಡ್ಡಕೋಲು ಅನ್ಕೊಳಿ. ಅದಕ್ಕೆ ಇಂಥ ಮೂರು ಸರ ನೇತು ಹಾಕಿದಾರೆ. ಕೆಲವದರಲ್ಲಿ ಎರಡೇ ಸರ, ಮೂರನೇದರ ಜಾಗದಲ್ಲಿ ಸಕ್ಕರೆ ಕೂತಿರ್ತದೆ. ನಿಮ್ಮ ಕೊಬ್ಬರಿ ಎಣ್ಣೆ ಸರ ನೆಟ್ಟಗಿರ್ತದೆ, ಅದಕ್ಕೇ ಒಂದರ ಪಕ್ಕ ಒಂದು ಒತ್ಕೊಂಡು ಗಟ್ಟಿಯಾಗೋದು. ನನ್ನ ಪಾಚಿದು ಹಂಗಲ್ಲ." ಸರದಲ್ಲಿ ಅಲ್ಲಲ್ಲಿ ಒಂದು ಪಿನ್ನಿನ ಬದಲು ಎರಡು ಪಿನ್ನು ಜೊತೆಗೆ ಹಾಕಿದ್ದರು. "ಇಲ್ಲಿ ನೋಡಿ, ಜೋಡಿ ಕೊಂಡಿ. ಜೋಡಿ ಬಂದ ಕಡೆ ಸರ ಬಾಗ್ತದೆ. ಬಾಗಿದ್ದು ಒತ್ಕೊಳಲ್ಲ. ಸಮುದ್ರ ಎಷ್ಟು ತಣ್ಣಗಾದ್ರೂ ಅದರ ಮೈಯೊಳಗಿನ ಜಿಡ್ಡು ನೀರಾಗೇ ಇರ್ತದೆ. ಅದನ್ನ ತಿಂದೇ ಮೀನಿಗೆ ಮೀನೆಣ್ಣೆ. ಮೀನಿನ ಸ್ವಂತದ್ದು ಅಂತ ಜನ ತಿಳ್ಕೊಂಡಿದಾರೆ."

"ಅದು ಕೆಡಲ್ವಾ?" ಎಂದೆ.

"ಅದೇ ಕಷ್ಟ. ಜೋಡಿ ಕೊಂಡಿ ಜಾಸ್ತಿ ಇದ್ದಷ್ಟೂ ಗಾಳಿ ಬೇಗ ಹಿಡಿತದೆ. ಒಂದು ಮಧ್ಯಾಹ್ನ ಸಾಕು ಕಮಟಾಗಕ್ಕೆ."

ಜಗಳ ಇದ್ದದ್ದು ಆ ಸರದ ಕೊನೆಯ ಕೊಂಡಿಯ ಬಗ್ಗೆ. ಈ ಪಾಚಿಯ ಜಿಡ್ಡಿನಲ್ಲಿ ಹದಿನಾರು ಕಾರ್ಬನ್ನಿನ ಒಂದು ಸರವಿದೆ, ಅದರ ಬಾಲದ ತುತ್ತತುದಿಯ ಕೊಂಡಿ ಜೋಡಿ ಕೊಂಡಿ ಎಂದು ಇವರು ಕಂಡುಕೊಂಡಿದ್ದರು. ಇವರ ಗೈಡು, ಅಲ್ಲಿನ ಪ್ರೊಫೆಸರು, ಅದೇ ಪಾಚಿಯ ರಚನೆಯನ್ನು ಮೊದಲೇ ಬರೆದು ಪ್ರಕಟಿಸಿದ್ದರು. ಅವರ ಚಿತ್ರದಲ್ಲಿ ತುದಿಯ ಕೊಂಡಿ ಒಂಟಿ. "ನಿನ್ನ ಎಣ್ಣೆ ಕೆಟ್ಟಿತ್ತು. ಕೆಟ್ಟ ಎಣ್ಣೆಯಲ್ಲಿ ಏನು ಬೇಕಾದರೂ ಕಾಣಿಸುತ್ತದೆ" ಎಂದರಂತೆ. ಕಮಟು ವಾಸನೆಯನ್ನು ಬೀದಿಯಾಚೆಯಿಂದ ಹಿಡಿಯುವ ಹೆಂಗಸಿಗೆ ಈ ಮಾತು. ಅವತ್ತೇ ಗಂಟು ಕಟ್ಟಿದರು.

ತಾಜಾ ಎಣ್ಣೆಯಲ್ಲಿ ಮತ್ತೊಮ್ಮೆ ತೋರಿಸಬೇಕು, ಪ್ರೊಫೆಸರು ಒಪ್ಪಿ ಸಹಿ ಹಾಕಬೇಕು, ಆಗ ಥೀಸಿಸ್ಸು. ಅದಕ್ಕೆ ಅವಧಿ ಇತ್ತು, ನನಗೆ ಇದೆಲ್ಲ ತಿಳಿದ ವರ್ಷದ ಕೊನೆಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕರಾವಳಿಯ ಲ್ಯಾಬಿನಲ್ಲಿದ್ದ ಪಾಚಿ ಸತ್ತುಹೋಗಿತ್ತು. ಉಳಿದಿದ್ದು ನಮ್ಮ ಮನೆಯ ಕಿಟಕಿಯಲ್ಲಿ ಇದ್ದದ್ದೇ. ಇಷ್ಟು ತಿಳಿದ ಮೇಲೆ ನಾನು ಆ ಕಿಟಕಿಯ ಹತ್ತಿರ ಕಸ ಗುಡಿಸುವುದಕ್ಕೂ ಹೆದರುತ್ತಿದ್ದೆ.

ಲ್ಯಾಬಿನ ಅಟೆಂಡರ್‌ಗೂ ಮೇಡಂ ಈ ಪಿನ್ನಿನ ಪಾಠ ಮಾಡಿದ್ದರು. ಆತ ಎಲ್ಲ ಕೇಳಿಸಿಕೊಂಡು, "ಬಾಲ್ದ ತುದೀಲಿ ಕೊಂಡಿನಾ ಮೇಡಂ? ಚೇಳಿನಂಗೆ?" ಎಂದ.

"ಚೇಳಿನಂಗೇ ಕಣಪ್ಪ. ಅದಕ್ಕೇ ಪ್ರೊಫೆಸರಿಗೆ ಅಷ್ಟು ಉರಿಯೋದು" ಎಂದರು ಮೇಡಂ.

ಆವತ್ತಿನಿಂದ ಆತ ಅದನ್ನು ಚೇಳು ಎಂದೇ ಕರೆದ. ಬೆಳಿಗ್ಗೆ ಬಂದೊಡನೆ, ಬೇರೆ ಮಾತಿಗೆ ಮುಂಚೆ, "ಚೇಳು ಎಂಗದೆ ಮೇಡಂ?" ಆತನದು ರೇಷ್ಮೆ ಮನೆತನ. ಕೊಳ್ಳೇಗಾಲದ ಸುತ್ತಮುತ್ತ ಅರ್ಧ ಊರಿನ ಹಾಗೆ ಮನೆಯಲ್ಲಿ ಹುಳ ಸಾಕುತ್ತಿದ್ದರು. ಹುಳ ಸಾಕುವವರಿಗೆ ಸ್ವಚ್ಛ ಎಂದರೆ ಒಂದೇ ಅರ್ಥ. ಹೊಸ ಚಾಕಿ, ಅಂದರೆ ಮರಿಹುಳ, ತರುವ ಮುಂಚೆ ಮನೆಯ ಗೋಡೆ, ನೆಲ, ತಟ್ಟೆ ಎಲ್ಲಕ್ಕೂ ಫಾರ್ಮಲಿನ್ ಹೊಡೆದು ಬಾಗಿಲು ಬಿಗಿಯುವುದು. ಹೊಡೆಯದಿದ್ದರೆ ರೋಗ ಬಿದ್ದು ಬೆಳೆಯೇ ಹೋಗುತ್ತದೆ. ಸೀಸನ್ನಿನಲ್ಲಿ ನಮ್ಮ ಬೀದಿಗಳಿಗೆಲ್ಲ ಆ ಘಾಟು.

ಮೇಡಂ ಮಾಡಬೇಕೆಂದಿದ್ದ ಪರೀಕ್ಷೆ ದೊಡ್ಡ ಮೆಷಿನ್ನಿನದಲ್ಲ, ನಮ್ಮ ಕಾಲೇಜಿನ ಲ್ಯಾಬಿನಲ್ಲೇ ಆಗುವಂಥದ್ದು. ನನಗೆ ತಿಳಿದಷ್ಟು ಹೇಳುತ್ತೇನೆ. ಬೆಳ್ಳಿಯ ಲವಣ ಸೇರಿಸಿ ಬಳಿದ ಗಾಜಿನ ಹಲಗೆಯ ಮೇಲೆ ಆ ಸರವನ್ನು ಬೇರೆ ಮಾಡಿಕೊಳ್ಳುವುದು. ಅದಕ್ಕೆ ಜೋಡಿ ಕೊಂಡಿಗಳನ್ನು ಮಾತ್ರ ಕತ್ತರಿಸುವ ಔಷಧಿ ಹಾಕುವುದು. ತುದಿಯ ಕೊಂಡಿ ಒಂಟಿಯಾಗಿದ್ದರೆ ಬಾಲ ಉದ್ದನೆಯ ತುಣುಕಾಗಿ ಬೀಳುತ್ತದೆ. ಜೋಡಿಯಾಗಿದ್ದರೆ ತುದಿಯ ಒಂದೇ ಕಾರ್ಬನ್ನು ಉದುರುತ್ತದೆ. ಆ ಉದುರಿದ ಚೂರು ಬೇರೇನೂ ಅಲ್ಲ, ಫಾರ್ಮಲಿನ್ನಿನಲ್ಲಿ ಇರುವುದೇ ಅದು. ಇನ್ನೊಂದು ಔಷಧಿ ಮತ್ತು ಗಂಧಕಾಮ್ಲ ಹಾಕಿ ಕುದಿನೀರಿನಲ್ಲಿ ಇಟ್ಟರೆ ಅದು ಇದ್ದ ಕಡೆ ನೇರಳೆ ಬಣ್ಣ ಬರುತ್ತದೆ.

ಪಕ್ಕದಲ್ಲಿ ಇನ್ನೊಂದು ಟ್ಯೂಬು ಇರಲೇಬೇಕು. ಅದಕ್ಕೂ ಎಲ್ಲವನ್ನೂ ಹಾಕುವುದು, ಎಣ್ಣೆಯದೊಂದನ್ನು ಬಿಟ್ಟು. ಪುಸ್ತಕದಲ್ಲಿ ಅದಕ್ಕೆ ಬ್ಲ್ಯಾಂಕ್ ಎಂದು ಹೆಸರು. ಅಟೆಂಡರ್ ಅದನ್ನು "ಬರೀದು" ಎನ್ನುತ್ತಿದ್ದ. ಮೇಡಂಗೆ ಆ ಮಾತು ಹಿಡಿಸಿ ಅವರೂ ಹಾಗೇ ಅನ್ನತೊಡಗಿದ್ದರು. ಹುಡುಗರಿಗೂ ಅದನ್ನೇ ಹೇಳಿಕೊಡುತ್ತಿದ್ದರು: "ಮೊದಲು ಬರೀದನ್ನ ನೋಡು. ಆಮೇಲೆ ನಿಂದು."

ಆ ವರ್ಷದ ಕೊನೆಗೆ ಪ್ರೊಫೆಸರಿಂದ ಫೋನು ಬಂತು, ಕಾಲೇಜಿನ ಆಫೀಸಿಗೆ. ಕುಟುಂಬದ ಜೊತೆ ಮಾದಪ್ಪನ ಬೆಟ್ಟಕ್ಕೆ ಬರುತ್ತಿದ್ದೇವೆ, ವಾಪಸ್ಸು ಹೋಗುವಾಗ ಮಧ್ಯಾಹ್ನ ಕೊಳ್ಳೇಗಾಲದಲ್ಲಿ ಇಳಿಯುತ್ತೇನೆ, ಏನು ತೋರಿಸುವುದಿದೆಯೋ ತೋರಿಸು ಎಂದು. ಮೇಡಂ ಆ ವಾರವೆಲ್ಲ ಪಾಚಿ ಸೋಸಿದರು, ಐಸ್ ಕ್ಯಾಂಡಿ ಫ್ಯಾಕ್ಟರಿಯಿಂದ ಐಸು ತರಿಸಿ ಅದರಲ್ಲೇ ಕೈಯಿಟ್ಟುಕೊಂಡು ಎಣ್ಣೆ ತೆಗೆದರು. ಜೋರು ನೆಗಡಿ ಹಿಡಿಯಿತು. ಅಷ್ಟು ಬೆಳೆಸಿದ್ದಕ್ಕೆ ಸಿಕ್ಕಿದ ಎಣ್ಣೆ ಗಾಜಿನ ತಳದಲ್ಲಿ ಒಂದು ಹನಿಯಷ್ಟು. ಒಂದೇ ಸಲದ ಪರೀಕ್ಷೆಗೆ ಸಾಲುವಷ್ಟು. ಟ್ಯೂಬನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನೋಡ್ರಿ, ನನಗೆ ಏನೂ ಗೊತ್ತಾಗ್ತಿಲ್ಲ, ಕಮಟದೆಯಾ?" ಎಂದು ಕೇಳಿದರು. ಕಡಲಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಹಿಂದಿನ ದಿನ ಹೊರಡುವಾಗ ಅಟೆಂಡರ್‌ಗೆ, "ನಾಳೆ ದೊಡ್ಡೋರು ಬತ್ತಾರೆ ಕಣಪ್ಪ, ಲ್ಯಾಬು ಚೆನ್ನಾಗಿ ಕ್ಲೀನಾಗಿರ್ಲಿ" ಎಂದು ಹೇಳಿ ಬಂದರು.

ಮಧ್ಯಾಹ್ನ ಎಂದವರು ಬೆಳಿಗ್ಗೆಯೇ ಬಂದುಬಿಟ್ಟರು. ನನಗೆ ಕ್ಲಾಸಿರಲಿಲ್ಲ, ಧೈರ್ಯಕ್ಕೆ ಇರಲಿ ಎಂದು ಜೊತೆಗೆ ನಿಂತಿದ್ದೆ. ಒಳಗೆ ಕಾಲಿಟ್ಟ ಕೂಡಲೇ ನನಗೆ ಕಣ್ಣು ಚುರುಗುಟ್ಟಿತು. ಹುಳದ ಸೀಸನ್ನು, ಊರೆಲ್ಲ ಹೀಗೇ ಅಂದುಕೊಂಡೆ. ಲ್ಯಾಬು ಫಳಫಳ ಹೊಳೆಯುತ್ತಿತ್ತು. ಟ್ಯೂಬುಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದ. ಮೇಡಂ ತಮ್ಮ ಟ್ಯೂಬುಗಳನ್ನು ಯಾವತ್ತೂ ತಾವೇ ತೊಳೆದುಕೊಳ್ಳುವವರು, ಅವತ್ತು ಹೊತ್ತಿರಲಿಲ್ಲ.

ಪ್ರೊಫೆಸರು ನಾನು ಅಂದುಕೊಂಡ ಹಾಗಿರಲಿಲ್ಲ. ಹಣೆಯಲ್ಲಿ ವಿಭೂತಿ, ಮೆದು ಮಾತು. ಸ್ಟೂಲಿನ ಮೇಲೆ ಕುಳಿತು, "ಕತೆ ಎಲ್ಲ ಬೇಡ ಮಾರಾಯ್ತಿ, ಬಣ್ಣ ತೋರಿಸು. ನಾನು ಮುಂದಿನ ತಿಂಗಳು ರಿಟೈರ್ಡ್. ಬಣ್ಣ ಬಂದರೆ ಇಲ್ಲೇ ಸಹಿ ಹಾಕಿ ಹೋಗುವ" ಎಂದರು. ಮೇಡಂ ಔಷಧಿ ಹಾಕಿದರು, ಕಾದರು, ಮತ್ತೊಂದು ಹಾಕಿದರು. ಎರಡು ಟ್ಯೂಬುಗಳೂ ಕುದಿನೀರಿಗೆ ಇಳಿದವು. ಬರೀದು ಆ ಕಡೆ, ಅವರ ಮೈಗೆ ಮರೆಯಾಗಿ. ಎಣ್ಣೆಯದು ಈ ಕಡೆ.

ಬಣ್ಣ ಬಂತು. ಮೊದಲು ಅಡಿಯಲ್ಲಿ ಗುಲಾಬಿ, ನೋಡನೋಡುತ್ತ ನೇರಳೆ. ಪ್ರೊಫೆಸರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. ಹೊರಗೆ ಅವರ ಕಾರಿನ ಹಾರ್ನು.

"ಬಂತಲ್ಲ. ಆಯ್ತು, ನಾನು ಬರೆದದ್ದು ತಪ್ಪು ಅಂತಲೇ ಇಟ್ಟುಕೊಳ್ಳುವ" ಎಂದು ನಕ್ಕು ಜೇಬಿನಿಂದ ಪೆನ್ನು ತೆಗೆದರು. ಇನ್ನೊಂದು ಟ್ಯೂಬು ಎಲ್ಲಿ ಎಂದು ಅವರೂ ಕೇಳಬೇಕಿತ್ತು. ಕೇಳಲಿಲ್ಲ.

ಮೇಡಂ ಆಗ ಬರೀದನ್ನು ಎತ್ತಿದರು. ನಾನು ಅವರ ಹಿಂದೆಯೇ ಇದ್ದೆ, ನೋಡಿದೆ. ಅದೂ ನೇರಳೆ. ತುಸು ತೆಳು, ಆದರೆ ನೇರಳೆಯೇ.

ಏನಾಗಿದೆ ಎಂದು ಗೊತ್ತಾಗಲು ಅರ್ಥಶಾಸ್ತ್ರದವಳಿಗೂ ಹೊತ್ತು ಹಿಡಿಯಲಿಲ್ಲ. ಎಣ್ಣೆಯೇ ಇಲ್ಲದ ಟ್ಯೂಬಿನಲ್ಲೂ ಬಣ್ಣ ಬಂದ ಮೇಲೆ ಎಣ್ಣೆಯ ಟ್ಯೂಬಿನ ಬಣ್ಣಕ್ಕೆ ಅರ್ಥವಿಲ್ಲ. ಆದರೆ ಪ್ರೊಫೆಸರು ಅದನ್ನು ನೋಡಿಲ್ಲ. ಪೆನ್ನಿನ ಮುಚ್ಚಳ ತೆಗೆದಾಗಿದೆ. ಮೇಡಂ ಆ ಟ್ಯೂಬನ್ನು ಸಿಂಕಿಗೆ ಸುರಿದಿದ್ದರೆ ಮುಗಿಯುತ್ತಿತ್ತು. ಸುರಿಯಿರಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರ ಸೆರಗಿನ ತುದಿಯನ್ನು ಹಿಡಿದು ಎಳೆದೆ ಕೂಡ. ಅವರು ಸೆರಗು ಬಿಡಿಸಿಕೊಂಡು, ತಿರುಗಿ, ಎರಡೂ ಟ್ಯೂಬುಗಳನ್ನು ಪ್ರೊಫೆಸರ ಮುಂದೆ ಸ್ಟ್ಯಾಂಡಿನಲ್ಲಿ ಇಟ್ಟರು.

"ಸರ್, ಬರೀದೂ ಬಂದದೆ" ಎಂದರು.

ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಆ ಮಾತೇ. ಪ್ರೊಫೆಸರಿಗೆ ಮಾತು ಅರ್ಥವಾಗಲಿಲ್ಲ, ಟ್ಯೂಬು ಅರ್ಥವಾಯಿತು. ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಪೆನ್ನು ಮುಚ್ಚಿದರು.

"ಎಂತ ಮಾಡುವುದು ಹೇಳು. ಇದರ ಮೇಲೆ ಸಹಿ ಹಾಕಲಿಕ್ಕೆ ಆಗುವುದಿಲ್ಲ. ನನ್ನದು ಸರಿ ಅಂತಲೂ ಆಗಲಿಲ್ಲ, ನಿನ್ನದು ಸರಿ ಅಂತಲೂ ಆಗಲಿಲ್ಲ." ಹೊರಟವರು ಬಾಗಿಲಲ್ಲಿ ನಿಂತು, ಚೀಲದಿಂದ ಬೆಟ್ಟದ ಪ್ರಸಾದದ ಲಾಡು ತೆಗೆದು ಮೇಡಂ ಕೈಗೆ ಕೊಟ್ಟರು. ಕಾರು ಹೋಯಿತು.

ಅಟೆಂಡರ್ ಅಷ್ಟು ಹೊತ್ತು ಹೊರಗೆ ವರಾಂಡದಲ್ಲಿ ಕಾಯುತ್ತಿದ್ದ. ನಗುನಗುತ್ತ ಒಳಗೆ ಬಂದ. "ಎಂಗದೆ ಮೇಡಂ ಲ್ಯಾಬು? ನಮ್ಮ ಉಳದ್ ಮನೆಗೂ ಇಂಗೆ ಮಾಡಿರ್ನಿಲ್ಲ. ಗ್ವಾಡೆ, ಟೇಬ್ಲು, ಎಲ್ಲಕೂ ಫಾರ್ಮಲಿನ್ ಒಡ್ದಿವ್ನಿ. ಟ್ಯೂಬ್ಗೋಳ್ನೂ ಅದ್ರಲ್ಲೇ ಅದ್ದಿ ಮಡ್ಗಿವ್ನಿ."

ನನಗೆ ಎಲ್ಲಿತ್ತೋ ಸಿಟ್ಟು. "ಏನಯ್ಯ ನೀನು ಮಾಡಿದ ಕೆಲಸ" ಎಂದು ಬಾಯಿ ತೆಗೆದೆ. ಮೇಡಂ ಕೈ ಅಡ್ಡ ಹಿಡಿದರು. ಮೂಗು ಒರೆಸಿಕೊಂಡರು. ಮೂಗು ನೆಟ್ಟಗಿದ್ದಿದ್ದರೆ ಅವರು ಆ ಬಾಗಿಲು ದಾಟುತ್ತಲೇ ಇರಲಿಲ್ಲ.

"ಕ್ಲೀನ್ ಮಾಡು ಅಂದೋಳು ನಾನು. ಯಾತರಲ್ಲಿ ಅಂತ ಹೇಳ್ಬೇಕಿತ್ತು" ಎಂದು ಆತನಿಗೆ ಒಂದು ಲಾಡು ಕೊಟ್ಟರು. ಏನಾಗಿದೆ ಎಂದು ಆತನಿಗೆ ಬಿಡಿಸಿ ಹೇಳಿದ್ದೂ ಅವರೇ. ಆತ ಲಾಡನ್ನು ತಿನ್ನಲೂ ಆಗದೆ ಇಡಲೂ ಆಗದೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

ನಾನು ಅವರ ಜೊತೆ ಒಂದು ವಾರ ಮಾತು ಬಿಟ್ಟೆ. ನಿಜ ಹೇಳುತ್ತೇನೆ, ಆತನ ಮೇಲಿನ ಸಿಟ್ಟು ಸಂಜೆಗೇ ಇಳಿದಿತ್ತು, ಇಳಿಯದೆ ಇದ್ದದ್ದು ಇವರ ಮೇಲಿನದು. ಕೊನೆಗೆ ನಾನೇ ಹೋಗಿ ಜಗಳ ತೆಗೆದೆ. ನಿಮಗೆ ಗೊತ್ತಲ್ಲ, ಅದು ಜೋಡಿ ಕೊಂಡಿಯೇ ಎಂದು ನಿಮಗೆ ಗೊತ್ತಿದ್ದ ಮೇಲೆ ಆ ಟ್ಯೂಬು ತೋರಿಸಬೇಕಾದ ದರ್ದು ಏನಿತ್ತು ಎಂದು ಕೇಳಿದೆ.

"ಗೊತ್ತಿದ್ರೆ ತೋರಿಸ್ತಿರಲಿಲ್ವೇನೋ" ಎಂದರು.

ಹಾಗೆಂದರೇನು ಎಂದೆ.

"ಇಷ್ಟು ವರ್ಷ ಕಿಟಕಿ ಮುಂದೆ ಕೂತಿದೀನಿ. ಅವರು ಹೇಳಿದ್ದೇ ಸರಿ ಇದ್ರೆ? ಅವತ್ತು ಅಲ್ಲಿ ನನ್ನ ಎಣ್ಣೆ ನಿಜಕ್ಕೂ ಕಮಟಾಗಿದ್ರೆ? 'ಕೆಟ್ಟಿರಲಿಲ್ಲ' ಅಂತ ಮೂಗು ಹೇಳ್ತು, ಸರಿ. ಮೂಗು ಸುಳ್ಳು ಹೇಳಲ್ಲ ಅಂತ ಯಾರು ಹೇಳಿದ್ದು? ಕಂಡೆಯಲ್ಲ ಮೊನ್ನೆ." ಯಾವತ್ತೂ ಬಹುವಚನ ಬಿಡದವರು ಅಂದು ನನ್ನನ್ನು ಏಕವಚನದಲ್ಲಿ ಮಾತಾಡಿಸಿದರು. ಮುಖ ಆ ಕಡೆ ತಿರುಗಿಸಿಕೊಂಡರು. ಅವರಿಗೆ ಅನುಮಾನ ಇತ್ತು ಎಂಬುದೇ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅವಧಿ ಮುಗಿಯಿತು. ಪ್ರೊಫೆಸರು ರಿಟೈರಾದರು. ಥೀಸಿಸ್ಸಿನ ಮಾತು ಅಲ್ಲಿಗೆ ನಿಂತಿತು. ಫ್ಲಾಸ್ಕುಗಳು ಮಾತ್ರ ಕಿಟಕಿಯಲ್ಲಿ ಹಾಗೇ ಇದ್ದವು, ಹೆಪ್ಪಿನಿಂದ ಹೆಪ್ಪಿಗೆ. ಹೊಸ ಎಣ್ಣೆಗಾಗುವಷ್ಟು ಬೆಳೆಯುವ ಹೊತ್ತಿಗೆ ಬೇಸಿಗೆ ಬಂತು. ಎಲ್ಲಿ ಮಾಡುವುದು? ಲ್ಯಾಬಿನ ಗೋಡೆಗಳು ಹೀರಿಕೊಂಡದ್ದನ್ನು ಬಿಡುತ್ತಲೇ ಇದ್ದವು. ಬರೀದನ್ನು ಒಂದೇ ಇಟ್ಟು ನೋಡಿದರೆ, ಪ್ರತಿ ಸಲವೂ ತೆಳು ನೇರಳೆ. ನಮ್ಮ ಮನೆಯಲ್ಲೂ ಅಷ್ಟೇ, ಆಚೀಚೆ ಎಲ್ಲ ಹುಳದ ಮನೆಗಳು.

ದಾರಿ ತೋರಿಸಿದ್ದು ಅಟೆಂಡರ್. ಒಂದು ದಿನ ಬಂದು, "ಊಗ್ಯದಲ್ಲಿ ನಮ್ಮಕ್ಕನ್ ಮನೆ ಅದೆ ಮೇಡಂ. ಕಾಡಂಚು. ರಾಗಿ, ಜ್ವಾಳ ಬುಟ್ರೆ ಅಲ್ಲಿ ಇಪ್ಪನೇರ್ಲೆ ಕಡ್ಡೀನೂ ಇಲ್ಲ. ಉಳ ಇಲ್ದಿದ್ಮೇಲೆ ಫಾರ್ಮಲಿನ್ ಯಾಕೆ ಬಂದದು?" ಎಂದ. ಆತನ ಮುಖದಲ್ಲಿ ಆ ಲಾಡು ಹಿಡಿದ ದಿನದ್ದು ಇನ್ನೂ ಹೋಗಿರಲಿಲ್ಲ.

ಮೂವರೂ ಹೊರಟೆವು, ಹನೂರಿನ ಮೇಲೆ ಬಸ್ಸು. ಐಸು ತುಂಬಿದ ಕ್ಯಾನು ಮೇಡಂ ತೊಡೆಯ ಮೇಲೆ, ಅದರೊಳಗೆ ಉರಿಯಲ್ಲಿ ಕರಗಿಸಿ ಬಾಯಿ ಮುಚ್ಚಿದ ಸಣ್ಣ ಗಾಜಿನ ನಳಿಕೆ, ಅದರಲ್ಲಿ ಎಣ್ಣೆ. ಆಮ್ಲದ ಬಾಟಲಿ ಆತನ ಹತ್ತಿರ. ಕಾಡುಗಳ್ಳನನ್ನು ಹುಡುಕುತ್ತಿದ್ದ ಆ ವರ್ಷಗಳಲ್ಲಿ ಕಾಡಿನ ದಾರಿಯಲ್ಲಿ ಬಸ್ಸು ನಿಲ್ಲಿಸಿ ಚೀಲ ಬಿಚ್ಚಿಸುವುದು ಮಾಮೂಲು. ಅಜ್ಜೀಪುರ ದಾಟಿದ ಮೇಲೆ ಒಬ್ಬ ಪೇದೆ ಹತ್ತಿದ. ನೇರ ಮೇಡಂ ಹತ್ತಿರ ಬಂದು ನಳಿಕೆಯನ್ನು ಎತ್ತಿ ಬೆಳಕಿಗೆ ಹಿಡಿದ.

"ಏನಿದು?"

"ಎಣ್ಣೆ" ಎಂದರು ಮೇಡಂ.

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ನಮ್ಮ ಕಡೆ ಗಂಡಸರು ಎಣ್ಣೆ ಎನ್ನುವುದು ಬೇರೆಯದಕ್ಕೆ. ಪೇದೆ ನಗಲಿಲ್ಲ. "ಒಡೀರಿ, ನೋಡ್ತೀನಿ" ಎಂದ. ಒಡೆದರೆ ಗಾಳಿ ತಾಗುತ್ತದೆ, ಗಾಳಿ ತಾಗಿದರೆ ಮತ್ತೆ ತಿಂಗಳುಗಟ್ಟಲೆ ಕಿಟಕಿ. ಮೇಡಂ ಅವನ ಮುಖವನ್ನೇ ನೋಡುತ್ತ, "ಒಡೆದ್ರೆ ಕೆಡ್ತದಪ್ಪ. ಮೂಸಬೇಕಾದ್ರೆ ಇದನ್ನ ಮೂಸಿ" ಎಂದು ಕ್ಯಾನಿಗೆ ಸುತ್ತಿದ್ದ, ಪಾಚಿ ಸೋಸಿದ ಬಟ್ಟೆಯನ್ನು ಬಿಚ್ಚಿ ಕೊಟ್ಟರು. ಅವನು ಮೂಸಿ ಮುಖ ಕಿವುಚಿದ. "ಮೀನು ವಾಸ್ನೆ" ಎಂದು ನಳಿಕೆಯನ್ನು ಐಸಿನ ಮೇಲೆ ಇಟ್ಟು ಇಳಿದ. ಬಸ್ಸು ಹೊರಟು ಎಷ್ಟೋ ಹೊತ್ತಾದ ಮೇಲೂ ಮೇಡಂ ಕ್ಯಾನಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು.

ಹೂಗ್ಯದಲ್ಲಿ ಆತನ ಅಕ್ಕ ನಮಗೆ ಕಾಲಿಗೆ ನೀರು ಕೊಟ್ಟು ಒಲೆ ಹಚ್ಚಲು ಹೊರಟರು. ಮೇಡಂ ತಡೆದರು. ಸೌದೆಯ ಹೊಗೆಯಲ್ಲೂ ಅದೇ ಘಾಟಿನ ಅಂಶ ಇರುತ್ತದಂತೆ. ಇದು ಮುಗಿಯುವವರೆಗೆ ಒಲೆ ಹಚ್ಚುವ ಹಾಗಿಲ್ಲ.

ಆ ತಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ತಮ್ಮನನ್ನು ನೋಡಿದರು. "ಏನ್ಲಾ ಇದು? ಮನೆಗ್ ನೆಂಟ್ರು ಬಂದವ್ರೆ, ಒಲೆ ಅಚ್ಬ್ಯಾಡ ಅಂತಾರೆ. ಸಾವಿನ್ ಮನೆಯಾ ಇದು?"

"ಅಕ್ಕ, ನಿನ್ ಕಾಲಿಗ್ ಬೀಳ್ತೀನಿ, ಇವೊತ್ತೊಂದಿನ ಸುಮ್ನಿರು" ಎಂದ ಆತ. ಆ ದನಿ ಕೇಳಿ ಆಕೆ ಒಳಗೆ ಹೋದರು. ಬೆಳಗಿನ ತಂಗಳು ಮುದ್ದೆಗೆ ಮಜ್ಜಿಗೆ ಹಾಕಿ ಕೊಟ್ಟರು. ಮೇಡಂ ಒಂದು ತುತ್ತೂ ಮುಟ್ಟಲಿಲ್ಲ.

ಹೊಲದ ಕಡೆಯ ಅಂಗಳದಲ್ಲಿ, ಗಾಳಿ ಕಾಡಿನಿಂದ ಬೀಸುವ ಕಡೆ, ಮಣೆ ಹಾಕಿಕೊಂಡು ಕುಳಿತರು. ಟ್ಯೂಬುಗಳನ್ನು ತಾವೇ ಮೂರು ನೀರಿನಲ್ಲಿ ತೊಳೆದರು, ತೊಳೆದ ಮೇಲೆ ಒಂದೊಂದನ್ನೂ ಮೂಸಿದರು. ನಳಿಕೆ ಮುರಿದು ಮೂಸಿದರು. ನನಗೂ ಕೊಟ್ಟರು. ಚೆನ್ನಾಗಿತ್ತು. ಕುದಿನೀರು ಬೀದಿಯ ಆ ತುದಿಯ ಮನೆಯಲ್ಲಿ ಕಾಯುತ್ತಿತ್ತು. ಆತ ಕೈಗೆ ಗೋಣಿ ಸುತ್ತಿಕೊಂಡು, ಕುದಿಯುವ ತಪ್ಪಲೆಯನ್ನು ಎತ್ತಿಕೊಂಡು, ಬೀದಿಯುದ್ದ ಓಡೋಡಿ ಬಂದ. ಆರಿತು ಎಂದಾಗ ಮತ್ತೆ ಓಡಿದ. ಒಂದು ಸಲ ಕಾಲಿನ ಮೇಲೆ ಚೆಲ್ಲಿಕೊಂಡ, ಹಲ್ಲು ಕಚ್ಚಿದನೇ ಹೊರತು ತಪ್ಪಲೆ ಇಳಿಸಲಿಲ್ಲ.

ಎರಡು ಟ್ಯೂಬುಗಳೂ ಬಾಯಿಗೆ ಬಿರಡೆ ಬಿಗಿದುಕೊಂಡು ನೀರಿನಲ್ಲಿ ನಿಂತಿದ್ದವು. ಆತನ ಅಕ್ಕನೂ ಬಂದು ಬಾಗಿಲಲ್ಲಿ ಕುಳಿತರು. ಎಣ್ಣೆಯ ಟ್ಯೂಬು ಗುಲಾಬಿಯಾಯಿತು. ಆಮೇಲೆ ಕಪ್ಪು ನೇರಳೆ ಹಣ್ಣು ತಿಂದವರ ನಾಲಿಗೆಯ ಬಣ್ಣ. ನಾನು ಮೇಡಂ ಕಡೆ ತಿರುಗಿದೆ. ಅವರು ಅದನ್ನು ನೋಡುತ್ತಲೇ ಇರಲಿಲ್ಲ. ಹಿಂದಿನ ಸಲವೂ ಬಣ್ಣ ಬಂದಿತ್ತಲ್ಲ.

ಬರೀದನ್ನು ಎತ್ತಿದರು. ತಮ್ಮ ಬಿಳಿ ಸೀರೆಯ ಸೆರಗನ್ನು ಹಿಂದೆ ಹಿಡಿದು ನೋಡಿದರು. ಬಿಸಿಲಿಗೆ ಹಿಡಿದು ನೋಡಿದರು. ಮತ್ತೆ ನೀರಿಗೆ ಇಳಿಸಿ, ಇನ್ನಷ್ಟು ಹೊತ್ತು ಕಾದು, ಮತ್ತೆ ಎತ್ತಿದರು. ಆತ ತಪ್ಪಲೆ ಹಿಡಿದುಕೊಂಡೇ ಬಗ್ಗಿ ನೋಡಿದ.

"ಬರೀದು ಬರೀದಾಗೇ ಅದೆ ಮೇಡಂ" ಎಂದ. "ಚೇಳು ಅದೆ ಅಂಗಾದ್ರೆ?"

ಮೇಡಂ ತಲೆಯಾಡಿಸಿದರು. ನೋಡಲು ಪ್ರೊಫೆಸರಿಲ್ಲ, ಸಹಿಯಿಲ್ಲ, ಇದನ್ನು ಯಾರಿಗೆ ತೋರಿಸಿದರೂ ಈಗ ಪ್ರಯೋಜನವಿಲ್ಲ. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆ ಬಣ್ಣವಿಲ್ಲದ ಟ್ಯೂಬನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಬಾಗಿಲಲ್ಲಿ ಕುಳಿತಿದ್ದವರ ಕಡೆ ತಿರುಗಿದರು.

"ಅಕ್ಕ, ಈಗ ಒಲೆ ಹಚ್ಚಿ" ಎಂದರು.